ಉಳುಮೆಯಿಲ್ಲದ ಬೇಸಾಯವೂ ಭೂಸಾರದ ರಕ್ಷಣೆಯೂ

ಭೂಮಿಯು ಒಕ್ಕಲಿಗನ ಮೂಲಧನವು. ಬಡ್ಡಿಯನ್ನು ಮಾತ್ರ ಉಂಡು ಮೂಲಧನವನ್ನು ಕಾಪಾಡಿಕೊಂಡವನ ಮನೆತನವು ನಿಲ್ಲುವುದು. ಮೂಲಧನವನ್ನೇ ವರ್ಷವರ್ಷವೂ ಕರಗಿಸಿದವನ ಮನೆತನವು ಒಂದೆರಡು ತಲೆಗಳಲ್ಲಿ ಕ್ಷೀಣಿಸುವುದು. ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ಇಂತಹ ನಷ್ಟವು ಒಡನೆಯೇ ಕಂಡುಬರುತ್ತದೆ. ಹೊಲದಲ್ಲಾದರೋ ಅದು ಬಹುಕಾಲ ಗುಪ್ತವಾಗಿರುತ್ತದೆ. ಮಳೆ ಸುರಿದೊಡನೆ ಹಳ್ಳದಲ್ಲಿ ಕದಡಿದ ನೀರು ಹರಿಯುವುದು, ಮಳೆ ನಿಂತ ನಾಲ್ಕು ದಿನಕ್ಕೇ ಪೈರು ಬಾಡುವುದು, ಅಷ್ಟೇ ಬೆಳೆಗೆ ಹಿಂದಿಗಿಂತ ಹೆಚ್ಚು ಗೊಬ್ಬರ ಬೇಕಾಗುವುದು, ಇವೇ ಮೂಲಧನವು ಕರಗುತ್ತಿರುವುದರ ಗುರುತುಗಳು. ಹೀಗೆ ಕರಗಿದ ಸಾರವನ್ನು ಮರಳಿ ಪಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರ ಡಕೋಟ ಪ್ರಾಂತದ ಒಂದು ಜಮೀನಿನ ವೃತ್ತಾಂತವು ಉತ್ತರವನ್ನು ಕೊಡುವಂತಿದೆ.

ಉಳುಮೆಯಿಂದ ಆಗುವ ಹಾನಿ

ಹೊಲವನ್ನು ಚೆನ್ನಾಗಿ ಉತ್ತಷ್ಟೂ ಒಳ್ಳೆಯದೆಂಬ ನಂಬಿಕೆಯು ಎಲ್ಲ ದೇಶಗಳಲ್ಲಿಯೂ ಬೇರೂರಿರುವುದು. ಕಳೆ ಅಳಿಯುವುದು, ಬೀಜಕ್ಕೆ ಹದವಾದ ಹಾಸಿಗೆ ದೊರೆಯುವುದು, ಮೊದಲ ಕೆಲವು ವರ್ಷ ಬೆಳೆ ಹುಲುಸಾಗಿ ಬರುವುದು, ಇವೆಲ್ಲವೂ ನಿಜವೇ. ಆದರೆ ಆ ಹುಲುಸು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಬೇಕು. ಮಣ್ಣಿನಲ್ಲಿ ಕೊಳೆತು ಸೇರಿರುವ ಸಸ್ಯಾಂಶಕ್ಕೆ ಉಳುಮೆಯಿಂದ ಗಾಳಿ ಹೆಚ್ಚಾಗಿ ಸೋಕಿ, ಸೂಕ್ಷ್ಮಜೀವಿಗಳು ಅದನ್ನು ಬೇಗ ತಿಂದು ತೀರಿಸುತ್ತವೆ. ಆಗ ಬಿಡುಗಡೆಯಾದ ಸಾರಜನಕವೇ ಪೈರಿನ ಹಸುರಾಗಿ ಕಾಣುವುದು. ಇದು ಕಣಜದ ಬೀಜವನ್ನು ಬೀಸಿ ಉಂಡಂತೆ.

ಇದಕ್ಕಿಂತಲೂ ದೊಡ್ಡ ಹಾನಿಯು ಮಣ್ಣಿನ ಕಟ್ಟಿಗೆ ಆಗುವುದು. ಆರೋಗ್ಯವಾದ ಮಣ್ಣು ಹಿಟ್ಟಿನಂತಿರದೆ ಸಣ್ಣ ಹರಳುಗಳ ಗುಂಪಿನಂತಿರುವುದು. ಬೇರುಗಳಿಂದ ಒಸರುವ ಅಂಟೂ, ಬೂಷ್ಟಿನ ಜಾತಿಯ ಸೂಕ್ಷ್ಮವಾದ ಎಳೆಗಳೂ ಕಣಗಳನ್ನು ಹೆಣೆದು ಹಿಡಿದಿರುತ್ತವೆ. ಹರಳುಗಳ ನಡುವಣ ಸಂದುಗಳಲ್ಲಿ ನೀರೂ ಗಾಳಿಯೂ ಇಳಿಯುತ್ತವೆ. ಪದೇಪದೇ ಉತ್ತರೆ ಈ ಎಳೆಗಳು ಹರಿದು ಹರಳುಗಳು ಪುಡಿಯಾಗುವುವು. ಅನಂತರ ಬಿದ್ದ ಮಳೆಯ ಹನಿಗಳು ಆ ಪುಡಿಯನ್ನು ಬಡಿದು ಸಂದುಗಳನ್ನು ಮುಚ್ಚಿ, ಮೇಲೆ ಗಾರೆಯಂತಹ ಹೆಪ್ಪನ್ನು ಕಟ್ಟುತ್ತವೆ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದರ ತೂಕವು ಸುಮಾರು ೧೦೦ ಟನ್ನು. ಅಷ್ಟು ನೀರು ಒಳಗಿಳಿಯಲು ದಾರಿ ಕಾಣದೆ ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳವನ್ನು ಸೇರುವುದು.

ಅಮೆರಿಕದ ಮಧ್ಯದ ಬಯಲುಸೀಮೆಯಲ್ಲಿ ಈ ತಪ್ಪಿನ ಫಲವು ೧೯೩೦ರ ದಶಕದಲ್ಲಿ ಪ್ರತ್ಯಕ್ಷವಾಯಿತು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ನಾಡಿನಲ್ಲಿ ಬರ ಬಂದಾಗ ಬರಿಯ ನೆಲದ ಮಣ್ಣು ಗಾಳಿಗೆ ಎದ್ದು, ೧೯೩೫ನೆಯ ಏಪ್ರಿಲ್ ೧೪ರಂದು ಹಗಲೇ ಕತ್ತಲೆ ಕವಿಯುವಂತಹ ಧೂಳಿನ ಬಿರುಗಾಳಿ ಬೀಸಿತು. ಅದೇ ತಿಂಗಳಿನಲ್ಲಿ ಆ ದೇಶದಲ್ಲಿ ಭೂಸಂರಕ್ಷಣೆಯ ಶಾಸನವು ಜಾರಿಗೆ ಬಂದಿತು. ಎಡ್ವರ್ಡ್ ಫಾಕ್ನರ್ ಎಂಬವರು ೧೯೪೩ರಲ್ಲಿ ಮಡಕೆಯ ಉಳುಮೆಯೇ ದೋಷವೆಂದು ವಾದಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು. ೧೯೬೨ರಲ್ಲಿ ಕೆಂಟಕಿ ಪ್ರಾಂತದ ಹ್ಯಾರಿ ಯಂಗ್ ಎಂಬ ಒಕ್ಕಲಿಗರು ಕಳೆನಾಶಕಗಳ ನೆರವಿನಿಂದ ಉಳದೆಯೇ ಮೆಕ್ಕೆಜೋಳವನ್ನು ಬಿತ್ತಿದರು. ೧೯೭೨ರಲ್ಲಿ ಬ್ರೆಜಿಲ್ ದೇಶದ ಹರ್ಬರ್ಟ್ ಬಾರ್ಟ್ಜ್ ಎಂಬವರು ತಮ್ಮ ಮಣ್ಣು ಮಳೆಯಲ್ಲಿ ಕೊಚ್ಚಿಹೋಗುವುದನ್ನು ಕಂಡು ಇದೇ ಮಾರ್ಗವನ್ನು ಹಿಡಿದರು.

ನಾಲ್ಕು ವರ್ಷಗಳ ಕಷ್ಟ

ಗೇಬ್ ಬ್ರೌನ್ ಎಂಬವರು ಉತ್ತರ ಡಕೋಟದ ಬಿಸ್ಮಾರ್ಕ್ ಪಟ್ಟಣದಲ್ಲಿ ಬೆಳೆದು, ೧೯೯೧ರಲ್ಲಿ ಅತ್ತೆಮಾವಂದಿರ ಜಮೀನನ್ನು ಕ್ರಯಕ್ಕೆ ಪಡೆದರು. ಬಹುಕಾಲ ಉಳುಮೆಗೆ ಒಳಗಾಗಿದ್ದ ಆ ನೆಲದಲ್ಲಿ ಸಸ್ಯಾಂಶವು ನೂರಕ್ಕೆ ಎರಡು ಪಾಲಿಗೂ ಕಡಿಮೆಯಾಗಿದ್ದಿತು. ಗಂಟೆಗೆ ಅರ್ಧ ಅಂಗುಲ ಮಳೆ ಮಾತ್ರ ಒಳಗಿಳಿಯುತ್ತಿದ್ದಿತು. ಆ ಸೀಮೆಯಲ್ಲಿ ವರ್ಷಕ್ಕೆ ಹಿಮವೂ ಸೇರಿ ಸುಮಾರು ೧೬ ಅಂಗುಲಗಳಷ್ಟೇ ಮಳೆ. ನೀರನ್ನು ಉಳಿಸಿಕೊಳ್ಳುವ ಉದ್ದೇಶದಿಂದ ಅವರು ೧೯೯೩ರಲ್ಲಿ ಉಳುಮೆಯ ಸಲಕರಣೆಗಳನ್ನು ಮಾರಿ, ಉಳದ ನೆಲದಲ್ಲಿಯೇ ಬೀಜವನ್ನಿಳಿಸುವ ಕೂರಿಗೆಯನ್ನು ಕೊಂಡರು.

೧೯೯೫ರಲ್ಲಿ ಕೊಯ್ಲಿಗೆ ಬಂದಿದ್ದ ಗೋಧಿಯು ಆಲಿಕಲ್ಲಿನ ಮಳೆಗೆ ಸಿಕ್ಕಿ ಹಾಳಾಯಿತು. ೧೯೯೬ರಲ್ಲಿ ಮತ್ತೆ ಆಲಿಕಲ್ಲು, ೧೯೯೭ರಲ್ಲಿ ಬರ, ೧೯೯೮ರಲ್ಲಿ ಪುನಃ ಆಲಿಕಲ್ಲಿನಿಂದ ಬೆಳೆಯ ಬಹುಭಾಗ ನಷ್ಟ. ಸಾಲದ ಹೊರೆ ಬೆಳೆಯಿತು. ಗೊಬ್ಬರಕ್ಕೆ ಹಣ ಹುಟ್ಟದಂತಾಯಿತು. ದನಗಳಿಗೆ ಮೇವಾದರೂ ಆಗಲೆಂದು ಅವರು ಹಾಳಾದ ಬೆಳೆಯ ನಡುವೆ ಜೋಳದ ಜಾತಿಯ ಮೇವನ್ನೂ ಅಲಸಂದೆಯನ್ನೂ ಬಿತ್ತಿದರು. ಕೊಯ್ದು ಒಟ್ಟಲು ಹಣವಿಲ್ಲದೆ ದನಗಳನ್ನೇ ಹೊಲಕ್ಕೆ ಬಿಟ್ಟು ಮೇಯಿಸಿದರು. ಇದು ಯೋಜನೆಯಿಂದ ಮಾಡಿದ ಕೆಲಸವಲ್ಲ, ಬಡತನವು ಮಾಡಿಸಿದ ಕೆಲಸ. ಆದರೆ ನಾಲ್ಕು ವರ್ಷ ಬೆಳೆಯ ಬಹುಭಾಗವು ನೆಲದ ಮೇಲೆಯೇ ಉಳಿದು ಕೊಳೆಯಿತು, ನೆಲಕ್ಕೆ ನೇಗಿಲು ಸೋಕಲಿಲ್ಲ, ಬೇರು ತಪ್ಪಲಿಲ್ಲ. ಆ ಅವಧಿಯು ಮುಗಿಯುವ ವೇಳೆಗೆ ಹಿಂದೆ ಕಾಣದಿದ್ದ ಎರೆಹುಳುಗಳು ಕಾಣಿಸಿಕೊಂಡವು, ಮಣ್ಣು ಕಪ್ಪೇರಿತು, ಮಳೆಯ ನೀರು ಇಂಗತೊಡಗಿತು. ನಷ್ಟವೆಂದು ಎಣಿಸಿದ್ದುದು ನೆಲದ ಲೆಕ್ಕದಲ್ಲಿ ಜಮೆಯಾಗಿದ್ದಿತು.

ಹೊದಿಕೆಯ ಬೆಳೆ

ಮಾರುವ ಬೆಳೆ ಇಲ್ಲದ ಕಾಲದಲ್ಲಿ ನೆಲವನ್ನು ಮುಚ್ಚಲು ಬಿತ್ತುವ ಬೆಳೆಗೆ ಹೊದಿಕೆಯ ಬೆಳೆಯೆಂದು ಹೆಸರು. ಇದು ಹನಿಯ ಪೆಟ್ಟನ್ನು ತಡೆಯುವುದು, ಬಿಸಿಲಿನಿಂದ ನೆಲ ಕಾಯುವುದನ್ನು ತಗ್ಗಿಸುವುದು, ಕಳೆಗೆ ಎಡೆಗೊಡದು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿರುವ ಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತವೆ. ಹುಲ್ಲಿನ ಜಾತಿಯ ಬೇರು ಮಣ್ಣನ್ನು ಹೆಣೆಯುವುದು. ಮೂಲಂಗಿಯಂತಹ ದಪ್ಪ ಬೇರು ಗಟ್ಟಿ ಪದರವನ್ನು ಸೀಳುವುದು. ಆದುದರಿಂದ ಹಲವು ಜಾತಿಗಳನ್ನು ಬೆರೆಸಿ ಬಿತ್ತುವುದೇ ಮೇಲು. ಬಿಸ್ಮಾರ್ಕ್ ಇರುವ ಬರ್ಲೀ ತಾಲ್ಲೂಕಿನ ಭೂಸಂರಕ್ಷಣಾ ಸಂಘದವರು ೨೦೦೬ರ ಬರಗಾಲದಲ್ಲಿ ಕೆಲವು ಜಾತಿಗಳನ್ನು ಒಂಟಿಯಾಗಿಯೂ ಬೆರಕೆಯಾಗಿಯೂ ಬಿತ್ತಿ ನೋಡಲು, ಒಂಟಿ ಬೆಳೆಗಳು ಸೊರಗಿದವು, ಬೆರಕೆಯು ಹಸುರಾಗಿ ನಿಂತಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಗೋಧಿ, ರಾಗಿ ಮೊದಲಾದ ಒಣಹುಲ್ಲಿನಲ್ಲಿ ಅಂಗಾರವು ಹೆಚ್ಚು, ಸಾರಜನಕವು ಅತಿ ಕಡಿಮೆ. ಅದನ್ನು ಕೊಳೆಯಿಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಸೆಳೆದುಕೊಳ್ಳುವುದರಿಂದ ಕೆಲವು ಕಾಲ ಪೈರು ಹಳದಿಯಾಗಬಹುದು. ಹುಲ್ಲಿನೊಡನೆ ದ್ವಿದಳದ ಸೊಪ್ಪು ಕೂಡಿದರೆ ಈ ಕೊರತೆ ನೀಗುವುದು.

ದನಗಳನ್ನು ಮೇಯಿಸುವ ಕ್ರಮ

ದನಗಳು ಮೇವಿನಲ್ಲಿ ತಿಂದ ಪೋಷಕಾಂಶಗಳ ಬಹುಭಾಗವನ್ನು ಸಗಣಿ ಗಂಜಲಗಳ ಮೂಲಕ ನೆಲಕ್ಕೆ ಹಿಂದಿರುಗಿಸುತ್ತವೆ. ಆದರೆ ಅದೇ ದನಗಳು ಒಂದೇ ಕಡೆ ಬಹುದಿನ ಮೇದರೆ ನೆಲವನ್ನು ಕೆಡಿಸುವುವು. ಚಿಗುರನ್ನು ಮತ್ತೆ ಮತ್ತೆ ಕಚ್ಚಿದ ಹುಲ್ಲಿಗೆ ಬೇರನ್ನು ಸಾಕುವ ಶಕ್ತಿಯು ಇರದು. ಬ್ರೌನ್ ಅವರ ಕ್ರಮದಲ್ಲಿ ಹೊಲವನ್ನು ತಾತ್ಕಾಲಿಕ ಬೇಲಿಯಿಂದ ಸಣ್ಣ ಭಾಗಗಳಾಗಿ ಮಾಡಿ, ಮಂದೆಯನ್ನು ಒತ್ತಾಗಿ ಬಿಟ್ಟು, ಬೇಗನೆ ಮುಂದಿನ ಭಾಗಕ್ಕೆ ಸಾಗಿಸುತ್ತಾರೆ. ಮೇವಿನ ಒಂದು ಪಾಲನ್ನು ದನ ತಿನ್ನುವುದು. ಉಳಿದುದು ಕಾಲ್ತುಳಿತಕ್ಕೆ ಸಿಕ್ಕಿ ಹಾಸಾಗುವುದು. ಆ ಭಾಗಕ್ಕೆ ಅನಂತರ ದೀರ್ಘವಾದ ವಿಶ್ರಾಂತಿ ದೊರೆಯುವುದು. ಗುಣವು ದನದಲ್ಲಿಯೂ ಅಲ್ಲ, ದೋಷವು ದನದಲ್ಲಿಯೂ ಅಲ್ಲ. ಎರಡೂ ಕಾಲದ ನಿಯಮದಲ್ಲಿವೆ.

ಈ ಮೂರು ಉಪಾಯಗಳು ಒಂದುಗೂಡಿದುದರಿಂದ, ಆ ಜಮೀನಿನಲ್ಲಿ ಸಸ್ಯಾಂಶವು ಸುಮಾರು ಎರಡು ದಶಕಗಳಲ್ಲಿ ನೂರಕ್ಕೆ ಐದು ಪಾಲನ್ನು ಮೀರಿತು. ನೀರಿಂಗುವ ಪ್ರಮಾಣವು ಗಂಟೆಗೆ ೮ ಅಂಗುಲಗಳನ್ನು ದಾಟಿತು. ೨೦೦೮ರ ವೇಳೆಗೆ ಅವರು ರಾಸಾಯನಿಕ ಗೊಬ್ಬರವನ್ನು ನಿಲ್ಲಿಸಿದರು. ಕಳೆನಾಶಕದ ಬಳಕೆ ಬಹಳ ಕಡಿಮೆಯಾದರೂ ಪೂರ್ತಿ ತಪ್ಪಲಿಲ್ಲವೆಂಬುದನ್ನೂ ಹೇಳತಕ್ಕದ್ದೇ.

ಕರ್ನಾಟಕದ ಬಯಲುಸೀಮೆಗೆ ಅನ್ವಯ

ಬಳ್ಳಾರಿ, ಚಿತ್ರದುರ್ಗ ಮುಂತಾದ ಕಡೆಗಳಲ್ಲಿ ಮಳೆಯು ಬಿಸ್ಮಾರ್ಕಿಗಿಂತ ಹೆಚ್ಚೇ ಆಗುವುದು. ಆದರೆ ಬಿಸಿಲು ತೀಕ್ಷ್ಣವಾದುದರಿಂದ ತೇವವು ಬೇಗ ಆರಿ, ಸಸ್ಯಾಂಶವು ಬೇಗ ಕರಗುವುದು. ಆದುದರಿಂದ ಅಲ್ಲಿಯ ಅಂಕಿಗಳನ್ನೇ ಇಲ್ಲಿ ನಿರೀಕ್ಷಿಸಲಾಗದು. ತೇವ ಕಡಿಮೆಯಿದ್ದಾಗ ಹೊದಿಕೆಯ ಬೆಳೆಯು ಮುಖ್ಯ ಬೆಳೆಯ ನೀರನ್ನೇ ಕುಡಿಯಬಹುದು. ಮುಂಗಾರಿನ ಮೊದಲ ಮಳೆಗೆ ಬಿತ್ತಿ, ಮುಖ್ಯ ಬಿತ್ತನೆಗೆ ಮೊದಲೇ ಅದನ್ನು ಮಲಗಿಸುವುದು ಕ್ಷೇಮ.

ಮತ್ತೊಂದು ಎಚ್ಚರಿಕೆಯು ಇದಕ್ಕಿಂತ ಮುಖ್ಯವಾದುದು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಕೆಂಪು ಮಣ್ಣಿನ ಮೇಲೆ ನಡೆದ ಪ್ರಯೋಗಗಳಲ್ಲಿ, ಉಳದೆ ಬರಿದಾಗಿ ಬಿಟ್ಟ ನೆಲದಿಂದ ನೀರು ಹೆಚ್ಚಾಗಿ ಹರಿದುಹೋಯಿತು. ಹುಲ್ಲು ಹೊದಿಸಿದ ನೆಲದಿಂದ ಕಡಿಮೆಯಾಗಿ ಹರಿಯಿತು. ಆದುದರಿಂದ ಹೊದಿಕೆಯಿಲ್ಲದೆ ಉಳುಮೆಯನ್ನು ಮಾತ್ರ ಬಿಡುವುದು ಲಾಭವಲ್ಲ, ಹಾನಿ.

ಈ ನಾಡಿಗೆ ಇವೆಲ್ಲವೂ ಹೊಸತಲ್ಲ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲನ್ನು ಹಾಕುವುದು, ಅಪ್ಸೆಣಬನ್ನು ಹಸುರು ಗೊಬ್ಬರಕ್ಕೆ ಬಿತ್ತುವುದು, ಕೊಯ್ಲಾದ ಹೊಲದಲ್ಲಿ ಕುರಿಯ ಮಂದೆಯನ್ನು ರಾತ್ರಿ ನಿಲ್ಲಿಸುವುದು, ಇವೆಲ್ಲವೂ ಹಿರಿಯರ ವಾಡಿಕೆಗಳೇ. ಹುರುಳಿ, ಅಲಸಂದೆ, ಅಪ್ಸೆಣಬುಗಳ ಬೀಜವು ಹಳ್ಳಿಯಲ್ಲಿಯೇ ದೊರೆಯುವುದು.

ತೊಡಕಿರುವುದು ಬೇರೆಡೆಯಲ್ಲಿ. ಕೊಯ್ಲಾದ ಮೇಲೆ ಊರ ದನಗಳೆಲ್ಲ ಎಲ್ಲರ ಹೊಲಗಳಲ್ಲಿ ಸ್ವೇಚ್ಛೆಯಾಗಿ ಮೇಯುವ ಪದ್ಧತಿಯಿರುವ ಗ್ರಾಮದಲ್ಲಿ ಒಬ್ಬನೇ ತನ್ನ ಹೊಲದ ಕೂಳೆಯನ್ನೂ ಹೊದಿಕೆಯನ್ನೂ ಉಳಿಸಿಕೊಳ್ಳಲಾರನು. ಹಾಗೆಂದು ಮೇವಿಲ್ಲದ ಬಡವನ ದನವನ್ನು ಅಟ್ಟುವುದೂ ನ್ಯಾಯವಲ್ಲ. ಆದುದರಿಂದ ಯಾವ ಹೊಲಗಳನ್ನು ಎಷ್ಟು ದಿನ ಮೇಯಿಸಬಹುದು, ಯಾವುವನ್ನು ಬಿಡಬೇಕು, ಹೊಲವಿಲ್ಲದವರ ದನಗಳಿಗೆ ಯಾವ ಗೋಮಾಳವೆಂಬುದನ್ನು ಗ್ರಾಮದ ಮುಖಂಡರು ಕೊಯ್ಲಿಗೆ ಮೊದಲೇ ಎಲ್ಲರನ್ನೂ ಕೂಡಿಸಿ ನಿಶ್ಚಯಿಸುವುದು ಅವಶ್ಯಕ.

ಇಡೀ ಜಮೀನನ್ನು ಒಮ್ಮೆಗೇ ಬದಲಿಸುವುದು ವಿವೇಕವಲ್ಲ. ಅರ್ಧ ಎಕರೆಯನ್ನು ಬೇರ್ಪಡಿಸಿ, ಮೂರು ನಾಲ್ಕು ವರ್ಷ ಪರೀಕ್ಷಿಸಿ, ಪಕ್ಕದ ನೆಲದೊಡನೆ ಹೋಲಿಸಿ ನೋಡಬಹುದು. ಅದಕ್ಕೆ ದುಬಾರಿಯಾದ ಸಲಕರಣೆ ಬೇಡ. ಎರಡೂ ಕಡೆಯ ಒಣಗಿದ ಹೆಂಟೆಗಳನ್ನು ನೀರಿನಲ್ಲಿ ಮುಳುಗಿಸಿದರೆ, ಜೀವವುಳ್ಳ ಮಣ್ಣಿನ ಹೆಂಟೆಯು ಕೂಡಿ ನಿಲ್ಲುವುದು, ಸಾರಗೆಟ್ಟುದು ಕರಗಿ ಕೆಸರಾಗುವುದು. ಆರು ಅಂಗುಲ ಅಗಲದ ತಗಡಿನ ಬಳೆಯನ್ನು ನೆಲಕ್ಕೆ ಇಳಿಸಿ, ಒಂದು ಅಂಗುಲ ನೀರನ್ನು ಹೊಯ್ದು ಅದು ಇಂಗುವ ಕಾಲವನ್ನು ಎಣಿಸಬಹುದು. ಆ ಕಾಲವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದರೆ ಮೂಲಧನವು ಬೆಳೆಯುತ್ತಿರುವುದೆಂದೂ, ಮುಂದಿನ ತಲೆಯವರಿಗೆ ದೊರೆಯುವ ಭೂಮಿಯು ಈಗಿನವರಿಗೆ ದೊರೆತುದಕ್ಕಿಂತ ಸಾರವುಳ್ಳದಾಗುವುದೆಂದೂ ತಿಳಿಯತಕ್ಕದ್ದು.