ನೀರ ಮೇಲಣ ಅಗ್ನಿಶಿಲ್ಪ

ಬೆಂಕಿಯನ್ನು ನೀರಿನ ಮೇಲೆ ನಿಲ್ಲಿಸಬೇಕೆಂದರೆ ಶಿಲ್ಪಿ ಮೊದಲು ಭಾರವನ್ನು ತೂಗಿನೋಡಬೇಕು. ಜ್ವಾಲೆಯ ಮಾತು ಆಮೇಲೆ. ಉರಿಯ ಬುಟ್ಟಿ ಎತ್ತರವಾದಷ್ಟೂ ಮಗುಚುವ ಭಯ. ಆದುದರಿಂದ ತೇಲುವ ತಳ ಅಗಲವಾಗಿರಬೇಕು, ಲಂಗರು ಭದ್ರವಾಗಿರಬೇಕು. ಶಾಖವೇನೋ ಬಹುಪಾಲು ಮೇಲೇರುತ್ತದೆ. ತಳವನ್ನು ನೀರೇ ತಣಿಸುತ್ತದೆ.

ಅಮೆರಿಕದ ಪ್ರಾವಿಡೆನ್ಸ್ ನಗರದ ನದಿಯಲ್ಲಿ ಬಾರ್ನಬಿ ಇವಾನ್ಸ್ ಎಂಬ ಕಲಾವಿದರು 1994ರಲ್ಲಿ 11 ಅಗ್ಗಿಷ್ಟಿಕೆಗಳನ್ನು ಉರಿಸಿದರು. ಮುಂದೆ ಅವು 80ನ್ನೂ ಮೀರಿದವು. ಸುಲಭದ ಅನಿಲವನ್ನು ಬಿಟ್ಟು ಕಟ್ಟಿಗೆಯನ್ನೇ ಆರಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಸೀಡರ್, ಪೈನ್ ಮರಗಳ ಕಂಪು ದಡಕ್ಕೆಲ್ಲ ಹಬ್ಬುತ್ತದೆ, ನಿಜ. ಆದರೆ ಕಟ್ಟಿಗೆ ಇರುಳೆಲ್ಲ ತಾನಾಗಿ ಉರಿಯುತ್ತಿರಲಾರದು. ಕಪ್ಪು ಉಡುಪಿನ ಸ್ವಯಂಸೇವಕರು ದೋಣಿಯಲ್ಲಿ ಬಂದು ಮತ್ತೆ ಮತ್ತೆ ಒಟ್ಟಬೇಕು. ಅವರು ಬಾರದಿದ್ದರೆ ಉಳಿಯುವುದು ಬೂದಿ ತುಂಬಿದ ಲೋಹದ ಬುಟ್ಟಿಗಳು.