ಬೇಳದ ಇಗರ್ಜಿಯೂ ಬೋಯಿ ಕಣಿವೆಯ ಕಮಾನೂ

ಕಾಸರಗೋಡಿನ ಬಳಿಯ ನಾಯ್ಮಾರ್ಮೂಲೆಯಿಂದ ವಿದ್ಯಾನಗರ, ಉಳಿಯತ್ತಡ್ಕ ದಾಟಿ ಸೀತಾಂಗೋಳಿ ಕಡೆಗೆ ಹೋದರೆ ನೋಡಲೇಬೇಕಾದ ಎರಡು ಕಟ್ಟಡಗಳು ಸಿಗುತ್ತವೆ. ಒಂದು ಮಧೂರಿನ ದೇವಸ್ಥಾನ, ಇನ್ನೊಂದು ಬೇಳದ ಶೋಕಮಾತಾ ಇಗರ್ಜಿ. 1890ರಲ್ಲಿ ಕಟ್ಟಿದ ಈ ಇಗರ್ಜಿ ಇರುವುದು ಕೇರಳದಲ್ಲಾದರೂ ಸೇರಿದ್ದು ಮಂಗಳೂರು ಧರ್ಮಪ್ರಾಂತ್ಯಕ್ಕೆ.

ಬೇಳದ್ದು ಗೋಥಿಕ್ ಶೈಲಿ. ಚೂಪು ಕಮಾನು ಅದರ ಗುರುತು. ಯುರೋಪಿನ ಹಳ್ಳಿಗಳಲ್ಲಿ ಅದಕ್ಕಿಂತ ಮೊದಲು, 11 ಮತ್ತು 12ನೇ ಶತಮಾನಗಳಲ್ಲಿ, ರೋಮನೆಸ್ಕ್ ಶೈಲಿ ನಡೆದಿತ್ತು. ಅಲ್ಲಿ ಕಮಾನು ಅರ್ಧವೃತ್ತ, ಗೋಡೆ ದಪ್ಪ, ಕಿಟಕಿ ಕಿಂಡಿಯಷ್ಟೇ. ಕಲ್ಲಿನ ಕಮಾನು ಚಾವಣಿ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ. ಆ ಒತ್ತಡ ತಡೆಯಲು ಗೋಡೆ ದಪ್ಪವಿರಬೇಕು, ದೊಡ್ಡ ಕಿಟಕಿ ತೆರೆದರೆ ಗೋಡೆಯ ಬಲ ಕುಗ್ಗುತ್ತದೆ. ಚೂಪು ಕಮಾನು ಭಾರದ ಹೆಚ್ಚು ಪಾಲನ್ನು ಕೆಳಕ್ಕೆ ಇಳಿಸುತ್ತದೆ. ಹಾಗಾಗಿಯೇ ಗೋಥಿಕ್ ಇಗರ್ಜಿಗಳಿಗೆ ಎತ್ತರವೂ ಬೆಳಕೂ ದಕ್ಕಿದವು.

ಆದರೆ ಎಲ್ಲ ಹಳ್ಳಿಗಳೂ ಕಲ್ಲಿನ ಚಾವಣಿ ಹಾಕಿಸಲಿಲ್ಲ. ಸ್ಪೇನಿನ ಬೋಯಿ ಕಣಿವೆಯ ತಾವುಲ್ ಹಳ್ಳಿಯಲ್ಲಿ 1123ರಲ್ಲಿ ಪ್ರತಿಷ್ಠೆಯಾದ ಸಾಂತ್ ಕ್ಲಿಮೆಂತ್ ಇಗರ್ಜಿಯ ಒಳಗೆ ದುಂಡು ಕಲ್ಲುಕಂಬಗಳ ಸಾಲು, ಮೇಲೆ ಮರದ ಮಾಡು, ಪಕ್ಕದಲ್ಲಿ ಆರು ಅಂತಸ್ತಿನ ಗಂಟೆಗೋಪುರ. ನಮ್ಮ ಕರಾವಳಿಯ ಹಳೆಯ ಇಗರ್ಜಿಗಳನ್ನು ಕಂಡವರಿಗೆ ಇದು ಹೊಸತೆನಿಸದು. ಇಲ್ಲಿಯೂ ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮರದ ಪಕ್ಕಾಸು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಾಡಿಗೆ ಹಂಚೂ ಬಂತು. ಹಳ್ಳಿಯ ಇಗರ್ಜಿಯ ಚೆಲುವಿರುವುದು ಊರಿನ ಕಲ್ಲು, ಮರಗಳಿಂದಲೇ ಕಟ್ಟಿಕೊಂಡ ಈ ಜಾಣ್ಮೆಯಲ್ಲಿ.

ರೋಮನೆಸ್ಕ್ ಇಗರ್ಜಿಯ ಬಲಿಪೀಠದ ಹಿಂದಿನ ಗೋಡೆ ಅರ್ಧವೃತ್ತವಾಗಿ ಬಾಗಿರುತ್ತದೆ. ಮಧೂರಿನ ಮೂರು ನೆಲೆಯ ಗಜಪೃಷ್ಠ ಗುಡಿಯ ಹಿಂಬದಿಯೂ ಹಾಗೆಯೇ ಬಾಗಿದೆ. ಒಂದಕ್ಕೊಂದು ನಂಟಿಲ್ಲದ ಎರಡು ಪರಂಪರೆಗಳ ಶಿಲ್ಪಿಗಳು ದೇವರ ಬೆನ್ನಿಗೆ ಮೂಲೆಯಿಲ್ಲದ ಗೋಡೆಯನ್ನೇ ಕಟ್ಟಿದ್ದು ಬೆರಗು ಹುಟ್ಟಿಸುತ್ತದೆ.

ಹಳ್ಳಿಯ ಇಗರ್ಜಿ ಪೂಜೆಗಷ್ಟೇ ಇದ್ದದ್ದಲ್ಲ. ದೀಕ್ಷಾಸ್ನಾನ, ಮದುವೆ, ಮರಣಗಳ ದಾಖಲೆ ಅಲ್ಲಿನ ಪುಸ್ತಕಗಳಲ್ಲಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಾರಿಸುವ ಗಂಟೆ ಗದ್ದೆಯಲ್ಲಿದ್ದವರಿಗೂ ಹೊತ್ತು ತಿಳಿಸುತ್ತಿತ್ತು. ಮಂಗಳೂರು ಧರ್ಮಪ್ರಾಂತ್ಯದಲ್ಲಿ ಪ್ರತಿ ಇಗರ್ಜಿಯ ವ್ಯಾಪ್ತಿಯನ್ನು ವಾಳೆಗಳಾಗಿ ಹಂಚಿರುತ್ತಾರೆ, ವಾಳೆಗೊಬ್ಬ ಗುರಿಕಾರ.

ಸೆಪ್ಟೆಂಬರ್ 8ರಂದು ಬರುವ ಮರಿಯಮ್ಮನ ಹುಟ್ಟುಹಬ್ಬ ಮೊಂತಿ ಫೆಸ್ತ್‌ಗೆ ಒಂಬತ್ತು ದಿನ ಮೊದಲಿನಿಂದಲೇ ಮಕ್ಕಳು ಬುಟ್ಟಿ ತುಂಬ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆ ಮನೆಮನೆಗೆ ಹೋಗುತ್ತದೆ. ಹೊಸ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಅಂದಿನ ಊಟದಲ್ಲಿ ಮೀನು, ಮಾಂಸ ಇಲ್ಲ. ಪಲ್ಯಗಳ ಲೆಕ್ಕ ಮೂರು, ಐದು, ಏಳು, ಹೀಗೆ ಬೆಸವಾಗಿಯೇ ಇರಬೇಕು.