ನೀರು ತಿರುಗಿಸಿದ ದಾರಿ

ಬಳ್ಳಿಗಾವಿಯ ಕೋಡಿಯ ಮಠದಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ನೆಯ ಇಸವಿಯ ಶಾಸನವು ತಿಳಿಸುತ್ತದೆ. ಆರೈಕೆಯ ಸ್ಥಳವಿದ್ದರೆ ಸಾಲದು. ಅಲ್ಲಿಗೆ ಹೋಗಲು ದಾರಿಯೂ ಇರಬೇಕಷ್ಟೆ. ಅದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ತುಮರಿ ಸೀಮೆಯವರಿಗೆ ಆ ದಾರಿಯೇ ಇಲ್ಲದಂತಾಗಿದ್ದಿತು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯು ಹಿಂದಕ್ಕೆ ಹರಡಲು, ಹೊಲ ಮನೆಗಳೊಡನೆ ಜನರು ನಡೆದಾಡುತ್ತಿದ್ದ ಹಾದಿಗಳೂ ಮುಳುಗಿದುವು. ನಾಡಿಗೆ ಬೆಳಕು ಬಂದಿತು, ನಿಜ; ನಮ್ಮ ಮನೆಯ ದೀಪದಲ್ಲಿಯೂ ಅದರ ಪಾಲುಂಟು. ದಾರಿ ಕಳೆದುಕೊಂಡವರಿಗಾದರೋ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವಣ ಲಾಂಚೇ ಗತಿಯಾಯಿತು. ಸಂಜೆಯಾದರೆ ಅದು ನಿಲ್ಲುತ್ತಿದ್ದಿತು. ಬೇಸಗೆಯಲ್ಲಿ ನೀರಿಳಿದಾಗ ವಾಹನಗಳನ್ನು ಹತ್ತಿಸಿಕೊಳ್ಳುವುದೂ ಕಷ್ಟ. ನಡುರಾತ್ರಿ ಹೆರಿಗೆಯ ನೋವು ಬಂದರೆ ಮನೆಯವರು ಏನು ಮಾಡಬೇಕು? ಬೆಳಗಾಗುವುದನ್ನು ಕಾಯಬೇಕು, ಇಲ್ಲವೆ ರಸ್ತೆಯಲ್ಲಿ ಬಹುದೂರ ಸುತ್ತಬೇಕು.

ಹತ್ತು ಜನರ ದಾರಿಯನ್ನು ತೆಗೆದುಕೊಳ್ಳುವಾಗಲೇ ಬದಲು ದಾರಿಯನ್ನು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ಅದು ದೊರೆತುದು 61 ವರ್ಷಗಳ ಮೇಲೆ. 2025ರ ಜುಲೈ 14ರಂದು, 2 ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯು ತೆರೆಯಿತು. ಈಗ ತುಮರಿಯವರು ಯಾವ ಹೊತ್ತಿನಲ್ಲಿಯಾದರೂ ಹೊಳೆ ದಾಟಬಹುದು.